ಮುಖ ನೋಡಿ ಹೇಳಲಾಗದ ಮಾತು: ಎದುರು ಕೂತು ನಡೆಸಿದ ಒಂದು ಮನೋಚಿಕಿತ್ಸೆಯ ಪ್ರಕರಣ

ಈ ಪ್ರಕರಣದ ಮಹಿಳೆಯನ್ನು ಶಾರದಾ ಎಂದು ಕರೆಯುತ್ತೇನೆ. ಹೆಸರು, ವಯಸ್ಸು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದ ಮೇಲೆ ಹಂಚಿಕೊಳ್ಳುತ್ತಿದ್ದೇನೆ. ಎರಡು ಕಡೆ ಅವರೇ ತಿದ್ದಿಸಿದರು. ನಾನು ಮಲೆನಾಡಿನ ಅಂಚಿನ ಒಂದು ಜಿಲ್ಲಾ ಕೇಂದ್ರದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಎದುರು ಕೂತು ಮಾತಾಡುವ ಚಿಕಿತ್ಸೆಯ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಜಾಸ್ತಿ, ಈಗಲೂ ಇದೆ. ಆದರೆ ಎದುರು ಕೂರುವುದೇ ಚಿಕಿತ್ಸೆಗೆ ಹೇಗೆ ಅಡ್ಡ ಬರಬಹುದು ಎಂದು ನನಗೆ ತೋರಿಸಿಕೊಟ್ಟವರು ಶಾರದಾ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗೆ, ಎದುರು ಕೂರಬೇಕೋ ಫೋನಿನಲ್ಲಿ ಮಾತಾಡಬೇಕೋ ಎಂದು ತೂಗಿ ನೋಡುತ್ತಿರುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಹಿನ್ನೆಲೆ

ಶಾರದಾಗೆ ಮೂವತ್ತಾರು. ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾರೆ. ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ. ಮನೆಯಲ್ಲಿ ಅತ್ತೆ ಮತ್ತು ಹೈಸ್ಕೂಲಿಗೆ ಹೋಗುವ ಮಗಳು. ಅವರ ಊರಿನಿಂದ ನಮ್ಮಲ್ಲಿಗೆ 58 ಕಿಲೋಮೀಟರ್, ನಡುವೆ ಒಂದು ಬಸ್ ಬದಲಾಯಿಸಬೇಕು, ಅರ್ಧ ದಾರಿ ಬರೀ ತಿರುವು.

ನನ್ನ ಬಳಿ ಬರುವುದಕ್ಕೆ ಎರಡು ವರ್ಷ ಮೊದಲು, ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೋಗಿ ವಾಪಸ್ ಬರುವಾಗ, ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ಅವರಿಗೆ ಮೊದಲ ಸಲ ಹಾಗಾಯಿತು. "ಜೀವ ಬಾಯಿಗೆ ಬಂದಂಗಾಯ್ತು ಮೇಡಂ. ಬೆರಳೆಲ್ಲ ಜುಮುಜುಮು ಅಂತ, ಎದೆ ಡವಡವ ಅಂತ, ಉಸಿರು ಒಳಗೇ ಹೋಗ್ತಿಲ್ಲ. ಕಂಡಕ್ಟರ್ ನೀರು ಕೊಟ್ರು. ಬಸ್ಸಲ್ಲಿರೋರೆಲ್ಲ ನನ್ನೇ ನೋಡ್ತಿದ್ರು." ಇಳಿದ ಹತ್ತು ನಿಮಿಷಕ್ಕೆ ಎಲ್ಲ ತಣ್ಣಗಾಯಿತು. ಹದಿನೈದು ದಿನ ಬಿಟ್ಟು ಮತ್ತೆ ಆಯಿತು, ಆಮೇಲೆ ಸಂತೆಯಲ್ಲಿ, ಒಮ್ಮೆ ಮದುವೆ ಛತ್ರದಲ್ಲಿ. ಆರು ತಿಂಗಳೊಳಗೆ ಅವರು ಬಸ್ ಹತ್ತುವುದನ್ನೇ ಬಿಟ್ಟರು. ತವರಿಗೂ ಹೋಗಲಿಲ್ಲ.

ಮೂರು ಸಲ ಇಸಿಜಿ, ಒಂದು ಸಲ ಎಕೋ, ಥೈರಾಯ್ಡ್ ಪರೀಕ್ಷೆ. ಎಲ್ಲವೂ ಸರಿ ಇತ್ತು. ಒಬ್ಬರು ಗ್ಯಾಸ್ ಎಂದರು, ಒಬ್ಬರು ರಕ್ತ ಕಡಿಮೆ ಎಂದರು. ಅತ್ತೆ ತಾಯಿತ ಕಟ್ಟಿಸಿದರು. ಆದರೆ ಕೊನೆಗೆ ಅವರನ್ನು "ಮಂಗಳವಾರದ ಡಾಕ್ಟ್ರ" ಬಳಿ ಕೈಹಿಡಿದು ಕರೆದುಕೊಂಡು ಹೋದವರೂ ಅದೇ ಅತ್ತೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಹಾನ್ಸ್ ಮುನ್ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಇಂಥ ಸಾಮಾನ್ಯ ಮಾನಸಿಕ ತೊಂದರೆಗಳಿದ್ದ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಶಾರದಾ ಆ ಲೆಕ್ಕದಿಂದ ಹೊರಬಂದದ್ದು ಅತ್ತೆಯ ಹಟದಿಂದ.

ಮನೋವೈದ್ಯರು ಪ್ಯಾನಿಕ್ ಡಿಸಾರ್ಡರ್, ಅಂದರೆ ಇದ್ದಕ್ಕಿದ್ದಂತೆ ವಿಪರೀತ ಗಾಬರಿ ಮೈಗೇರುವ ಕಾಯಿಲೆ ಎಂದು ಗುರುತಿಸಿ, ಆತಂಕ ತಗ್ಗಿಸುವ ಸರ್ಟ್ರಾಲಿನ್ ಮಾತ್ರೆ ದಿನಕ್ಕೊಂದು ಬರೆದುಕೊಟ್ಟರು. ಅದು ಕೆಲಸ ಶುರುಮಾಡುವವರೆಗೆ, ಮೊದಲ ಎರಡು ವಾರ ಮಾತ್ರ, ತೀರಾ ಗಾಬರಿಯಾದಾಗ ತೆಗೆದುಕೊಳ್ಳಲು 0.25 ಮಿಲಿಗ್ರಾಂ ಆಲ್‌ಪ್ರಜೋಲಾಂ ಕೊಟ್ಟರು. ಜೊತೆಗೆ ಮನೋಚಿಕಿತ್ಸೆಯೂ ಬೇಕು ಎಂದು ನನ್ನ ಹೆಸರು ಬರೆದು ಕಳಿಸಿದರು. ಆ ಎರಡನೇ ಮಾತ್ರೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಎದುರು ಕೂರುವುದೋ, ಫೋನೋ

ಬಸ್ಸಿಗೆ ಹೆದರುವ ಹೆಂಗಸಿಗೆ 58 ಕಿಲೋಮೀಟರ್ ಬಸ್ಸಿನಲ್ಲಿ ಬನ್ನಿ ಎನ್ನುವುದು ಹೇಗೆ? ಮೊದಲ ದಿನ ಗಂಡ ಬಾಡಿಗೆ ಬಿಟ್ಟು ಗೂಡ್ಸ್ ಆಟೋದಲ್ಲೇ ಕರೆದುಕೊಂಡು ಬಂದಿದ್ದರು. "ಮೇಡಮ್ಮೋರೇ, ವಾರವಾರ ಅಂದ್ರೆ ನಮ್ ಕೈಲಾಗಲ್ಲ" ಎಂದು ಬಾಗಿಲಲ್ಲೇ ಹೇಳಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಫೋನಿನಲ್ಲಿ ಮಾಡಬಹುದಿತ್ತು. ಆತಂಕದ ಕಾಯಿಲೆಗಳಿಗೆ ವಿಡಿಯೊ ಮೂಲಕ ಕೊಟ್ಟ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ತಿದ್ದಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ), ಎದುರು ಕೂತು ಕೊಟ್ಟದ್ದರ ಹತ್ತಿರ ಹತ್ತಿರದ ಫಲವನ್ನೇ ಕೊಡುತ್ತದೆ ಎಂದು ಹಲವು ಹೋಲಿಕೆ ಅಧ್ಯಯನಗಳು ತೋರಿಸಿವೆ. ಶಾರದಾಗೆ ಫೋನಿನ ಅನುಭವವೂ ಇತ್ತು. ಒಮ್ಮೆ ನಡುರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದ್ದರು. ಆ ಕಡೆಯವರು ಕನ್ನಡದಲ್ಲೇ ಮಾತಾಡಿ, ಇವರ ಉಸಿರು ಸರಿಹೋಗುವವರೆಗೆ ಫೋನ್ ಇಡಲಿಲ್ಲವಂತೆ. 2022ರ ಅಕ್ಟೋಬರ್ 10ರಂದು ಶುರುವಾದ ಆ ಸೇವೆ ಇಂಥ ರಾತ್ರಿಗಳಿಗೆ ದೊಡ್ಡ ಆಸರೆ.

ಆದರೂ ನಾನು ಎದುರು ಕೂರುವುದನ್ನೇ ಆರಿಸಿದೆ. ಅವರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಲು ಕೋಣೆ ಇರಲಿಲ್ಲ, ಹೊಲಿಗೆ ಕೋಣೆಗೆ ಗಿರಾಕಿಗಳು ಬಂದುಹೋಗುತ್ತಲೇ ಇರುತ್ತಾರೆ. ಪ್ಯಾನಿಕ್ ಎನ್ನುವುದು ಮೈಯಲ್ಲಿ ಏಳುವ ಕಾಯಿಲೆ, ಹಾಗಾಗಿ ಆ ಮೈಯನ್ನು ನಾನು ಕಣ್ಣಾರೆ ನೋಡಬೇಕಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಬಳಿ ಬರುವ ದಾರಿಯನ್ನೇ ಚಿಕಿತ್ಸೆಯಾಗಿ ಬಳಸಬಹುದು ಅನ್ನಿಸಿತು. ಮೂರು ವಾರ ಗಂಡನ ಜೊತೆ, ಆಮೇಲೆ ಸ್ವಲ್ಪ ಸ್ವಲ್ಪವೇ ಬಸ್ಸಿಗೆ ಎಂದು ಮೂವರೂ ಕೂತು ಮಾತಾಡಿದೆವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಿದೆ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟ್ಟಿಗೆ ಕಾಸು ಕೊಡಬೇಕಿಲ್ಲ. ಗಂಡ ಒಪ್ಪಿದ್ದು ಬಹುಶಃ ಅದಕ್ಕೇ.

ಕಣ್ಣಿಗೆ ಕಂಡದ್ದು

ಎರಡನೇ ಭೇಟಿಯಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಬಸ್ಸಿನ ಮಾತು ಬಂದಾಗಲೆಲ್ಲ ಅವರ ಬಲಗೈ ಪರ್ಸಿನೊಳಗೆ ಹೋಗುತ್ತಿತ್ತು. ಒಂದು ಸಣ್ಣ ಡಬ್ಬಿಯ ಮುಚ್ಚಳ ತೆರೆಯುವ ಸದ್ದು, ಆಮೇಲೆ ಕೆನ್ನೆಯೊಳಗೆ ಏನೋ ಉರುಳಿದಂತೆ. ಕೇಳಿದೆ. ನಾಚಿಕೊಂಡು ನಾಲಿಗೆಯ ಮೇಲಿನ ಏಲಕ್ಕಿ ತೋರಿಸಿದರು. "ಇದಿದ್ರೆ ತಲೆ ಸುತ್ತಲ್ಲ ಮೇಡಂ. ಇದಿಲ್ದೆ ಬಾಗಿಲು ದಾಟಲ್ಲ."

ಇಂಥವನ್ನು ನಾವು ಊರುಗೋಲು ಎನ್ನುತ್ತೇವೆ. ಏಲಕ್ಕಿ, ನೀರಿನ ಬಾಟಲಿ, ಬಾಗಿಲ ಪಕ್ಕದ ಸೀಟು. ಪ್ರತಿ ಸಲ ಏನೂ ಆಗದೆ ಮನೆ ಸೇರಿದಾಗ ಮನಸ್ಸು "ಏಲಕ್ಕಿ ಇತ್ತು, ಉಳಿದುಕೊಂಡೆ" ಎಂದು ಲೆಕ್ಕ ಹಾಕುತ್ತದೆ. ಬಸ್ಸಿನಲ್ಲಿ ಅಪಾಯವೇ ಇರಲಿಲ್ಲ ಎನ್ನುವುದು ಅದಕ್ಕೆ ಗೊತ್ತಾಗುವುದೇ ಇಲ್ಲ. ಫೋನಿನಲ್ಲಿ ಇದ್ದಿದ್ದರೆ ಆ ಏಲಕ್ಕಿ ನನಗೆ ಕಾಣುತ್ತಿರಲಿಲ್ಲ. ಅದೇ ಪರ್ಸಿನಲ್ಲಿ, ಏಲಕ್ಕಿ ಡಬ್ಬಿಯ ಕೆಳಗೆ, ಇನ್ನೊಂದು ಊರುಗೋಲಿತ್ತು. ಅದು ನನ್ನ ಎದುರಿಗೇ ಇದ್ದೂ ಕಾಣಲಿಲ್ಲ.

ಮೂರನೇ ಭೇಟಿಯಲ್ಲಿ ಉಸಿರಿನ ಪ್ರಯೋಗ ಮಾಡಿದೆವು. ಹೃದಯದ ತೊಂದರೆ, ಅಸ್ತಮಾ, ಮೂರ್ಛೆ ರೋಗ, ಗರ್ಭ ಯಾವುದೂ ಇಲ್ಲವೆಂದು ವೈದ್ಯರಿಂದ ಖಚಿತ ಮಾಡಿಕೊಂಡೇ ಇದಕ್ಕೆ ಕೈಹಾಕಬೇಕು. ಒಂದು ನಿಮಿಷ ಬೇಕೆಂದೇ ಜೋರಾಗಿ, ಬೇಗಬೇಗ ಉಸಿರಾಡುವುದು. ನಾನೂ ಅವರ ಜೊತೆ ಉಸಿರಾಡಿದೆ. ನಲವತ್ತು ಸೆಕೆಂಡಿಗೆ ಅವರು ಕಣ್ಣರಳಿಸಿ, "ಇದೇ! ಬಸ್ಸಲ್ಲಿ ಆಗಿದ್ದು ಇದೇ ಮೇಡಂ!" ಎಂದು ಬೆರಳು ಚಾಚಿ ತೋರಿಸಿದರು. ನನ್ನ ಬೆರಳೂ ಜುಮುಗುಡುತ್ತಿತ್ತು. ಚಾಚಿ ತೋರಿಸಿದೆ. ಬೇಗಬೇಗ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಇಳಿದು ಜುಮುಗುಡುವುದು, ತಲೆ ಹಗುರಾಗುವುದು ಆಗುತ್ತದೆ, ಅದರಿಂದ ಪ್ರಾಣ ಹೋಗುವುದಿಲ್ಲ ಎಂದು ವಿವರಿಸಿದೆ. ವಿವರಣೆ ಅವರಿಗೆ ಎಷ್ಟು ತಲುಪಿತೋ. ಇಬ್ಬರ ಬೆರಳೂ ಒಂದೇ ಹೊತ್ತಿಗೆ ಜುಮುಗುಟ್ಟಿ, ಒಂದೇ ಹೊತ್ತಿಗೆ ಸರಿಹೋದದ್ದಂತೂ ತಲುಪಿತು. ಎದುರು ಕೂರುವ ಚಿಕಿತ್ಸೆಯ ಬಲ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇಂದಿಗೂ ಆ ಒಂದು ನಿಮಿಷವನ್ನೇ ಹೇಳುತ್ತೇನೆ.

ಆಮೇಲೆ ಭಯವನ್ನು ಹಂತಹಂತವಾಗಿ ಎದುರಿಸುವ ಮೆಟ್ಟಿಲು ಮಾಡಿದೆವು. ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಕೂರುವುದು, ಒಂದು ಸ್ಟಾಪ್, ಮೂರು ಸ್ಟಾಪ್, ಗಂಡ ಹಿಂದಿನ ಸೀಟಿನಲ್ಲಿ, ಗಂಡ ಇಲ್ಲದೆ. ಆರನೇ ಭೇಟಿಗೆ ಅವರು ಒಬ್ಬರೇ, ಎರಡು ಬಸ್ ಹಿಡಿದು ಬಂದರು. ಬಾಗಿಲು ತಳ್ಳಿ ಒಳಬಂದು "ಒಬ್ಳೇ ಬಂದೆ" ಎಂದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಏಳು ಪ್ರಶ್ನೆಗಳ, ಒಟ್ಟು 28 ಅಂಕಗಳ ಪ್ಯಾನಿಕ್ ತೀವ್ರತೆಯ ಅಳತೆಯಲ್ಲಿ ಶುರುವಿನ 19 ಈಗ 9ಕ್ಕೆ ಇಳಿದಿತ್ತು. ನನ್ನ ಟಿಪ್ಪಣಿಯಲ್ಲಿ "ಉತ್ತಮ ಪ್ರಗತಿ" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ.

ಅದಕ್ಕೆ ತೆತ್ತ ಬೆಲೆ

ನನ್ನ ಜೊತೆ ಐವತ್ತು ನಿಮಿಷ ಮಾತಾಡಲು ಅವರಿಗೆ ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ ಹಿಡಿಯುತ್ತಿತ್ತು. ಟಿಕೆಟ್ ಉಚಿತವಾದರೂ ಆ ದಿನದ ಹೊಲಿಗೆ ಹೋಯಿತು, ಹೊಟ್ಟೆಗೆ ಹೋಟೆಲಿನ ಊಟ, ಮೇಲೆ ನನ್ನ ಫೀಸು. ಮದುವೆ ಸೀಸನ್ನಿನಲ್ಲಿ ಎರಡು ಭೇಟಿ ತಪ್ಪಿದವು. ಅದನ್ನು "ತಪ್ಪಿಸಿಕೊಳ್ಳುವಿಕೆ" ಎಂದು ಟಿಪ್ಪಣಿಯಲ್ಲಿ ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ತಪ್ಪಿಸಿಕೊಂಡದ್ದಲ್ಲ ಅದು, ಅವರಿಗೆ ಹೊಲಿಯಲು ಹನ್ನೊಂದು ಬ್ಲೌಸ್ ಇತ್ತು.

ನನ್ನ ಕ್ಲಿನಿಕ್ಕಿನ ಹೊರಗಿನ ಬೋರ್ಡಿನ ಮಾತು ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಆದರೆ ಬಸ್ ಸ್ಟ್ಯಾಂಡಿನಿಂದ ನನ್ನ ಬೋರ್ಡಿನವರೆಗಿನ ಇನ್ನೂರು ಹೆಜ್ಜೆಯನ್ನು ಯಾವ ಕಾಯ್ದೆಯೂ ಮುಚ್ಚಿಡಲಾರದು. ಅವರ ಬೀದಿಯವರೊಬ್ಬರು ಮೆಟ್ಟಿಲ ಬಳಿ ಕಂಡು "ಏನಮ್ಮ, ಇಲ್ಲಿ?" ಎಂದರಂತೆ. ವಾರದೊಳಗೆ "ಶಾರದಂಗೆ ತಲೆ ಸರಿ ಇಲ್ವಂತೆ" ಎಂಬ ಮಾತು ಹೊಲಿಗೆ ಕೋಣೆಗೇ ಬಂತು. ಇಬ್ಬರು ಗಿರಾಕಿಗಳು ಬಟ್ಟೆ ವಾಪಸ್ ತೆಗೆದುಕೊಂಡು ಹೋದರು. ಈ ನಷ್ಟಕ್ಕೆ ನನ್ನ ಬಳಿ ಯಾವ ಪರಿಹಾರವೂ ಇರಲಿಲ್ಲ.

ಮಳೆಗಾಲದ ಫೋನು

ಜುಲೈನಲ್ಲಿ ಮಳೆ ಹಿಡಿಯಿತು. ದಾರಿಯಲ್ಲಿ ಗುಡ್ಡ ಕುಸಿದು ಬಸ್ ನಿಂತವು. ಬೇರೆ ದಾರಿಯಿಲ್ಲದೆ ಫೋನಿಗೆ ಬದಲಾದೆವು. ವಿಡಿಯೊಗೆ ನೆಟ್‌ವರ್ಕ್ ಸಾಲದು, ಧ್ವನಿ ಮಾತ್ರ. ಮಾತಾಡಲು ಜಾಗವನ್ನು ಅವರೇ ಕಂಡುಕೊಂಡಿದ್ದರು. ಮನೆ ಮುಂದೆ ನಿಲ್ಲಿಸಿದ ಗೂಡ್ಸ್ ಆಟೋದ ಡ್ರೈವರ್ ಸೀಟು, ಎರಡೂ ಕಡೆ ಟಾರ್ಪಾಲಿನ ಪರದೆ ಇಳಿಸಿಕೊಂಡು. ಅದರ ಮೇಲೆ ಮಳೆ ಬೀಳುವ ಸದ್ದು ನನಗೂ ಕೇಳುತ್ತಿತ್ತು.

ಅಂಥ ಎರಡನೇ ಕರೆಯಲ್ಲಿ, ನಾನು ಮುಂದಿನ ಮೆಟ್ಟಿಲ ಬಗ್ಗೆ ಉತ್ಸಾಹದಿಂದ ಹೇಳುತ್ತಿದ್ದಾಗ ನಡುವೆ ಬಾಯಿ ಹಾಕಿದರು. ಅದಕ್ಕೆ ಮೊದಲು ಎಂದೂ ಹಾಗೆ ಮಾಡಿರಲಿಲ್ಲ.

"ಮೇಡಂ, ಒಂದು ಸುಳ್ಳು ಹೇಳಿದೀನಿ."

ಒಬ್ಬರೇ ಬಸ್ಸಿನಲ್ಲಿ ಬಂದ ಪ್ರತಿ ಸಲವೂ, ಮನೆ ಬಿಡುವ ಅರ್ಧ ಗಂಟೆ ಮೊದಲು ಅವರು ಆ ಸಣ್ಣ ಮಾತ್ರೆ ನುಂಗಿದ್ದರು. ಎರಡು ವಾರಕ್ಕೆಂದು ಬರೆದ ಹಳೆಯ ಚೀಟಿಯನ್ನೇ ತೋರಿಸಿ ಒಂದು ಮೆಡಿಕಲ್ ಸ್ಟೋರಿನಿಂದ ತರಿಸಿಕೊಳ್ಳುತ್ತಿದ್ದರು. ಆಲ್‌ಪ್ರಜೋಲಾಂ ಎಚ್1 ಪಟ್ಟಿಯ ಔಷಧ, ಚೀಟಿಯಿಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಆದರೂ ಸಿಗುತ್ತಿತ್ತು. ಬರಬರುತ್ತಾ ಸಂತೆಗೆ ಹೋಗುವಾಗಲೂ, ಮಗಳ ಶಾಲೆಯ ಮೀಟಿಂಗಿಗೂ ಒಂದೊಂದು. ಈಚಿನ ಎರಡು ವಾರ ರಾತ್ರಿ ನಿದ್ದೆಗೂ.

ನಾನು ಏನೂ ಹೇಳಲಿಲ್ಲ. ಮನಸ್ಸಿನಲ್ಲಿ ಆ 9 ಎಂಬ ಅಂಕ ಕುಸಿಯುತ್ತಿತ್ತು. ಎದುರಿಗಿದ್ದಿದ್ದರೆ ನನ್ನ ಮೌನದಲ್ಲಿ ಕೋಪ ಇಲ್ಲವೆಂದು ಅವರಿಗೆ ಕಾಣುತ್ತಿತ್ತು. ಫೋನಿನಲ್ಲಿ ಆ ಕಡೆಯಿಂದ ನಡುಗುವ ಧ್ವನಿ: "ಮೇಡಂ... ಲೈನ್ ಕಟ್ಟಾಯ್ತಾ? ಬೇಜಾರಾಯ್ತಾ?" ತಕ್ಷಣ ಮಾತಾಡಬೇಕಾಯಿತು. ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಎಂದೆ. ಇಷ್ಟು ದಿನ ಹೇಳಲು ಏನು ಅಡ್ಡ ಬಂತು ಎಂದು ಕೇಳಿದೆ.

"ನಾ ಒಬ್ಳೇ ಬಂದೆ ಅಂದಾಗ ನಿಮ್ ಮುಖ ಎಷ್ಟು ಅರಳ್ತು ಗೊತ್ತಾ? ಎದ್ದು ನಿಂತ್ಕೊಂಡ್ರಿ. ಆಮೇಲೆ ಆ ಮುಖ ನೋಡ್ಕೊಂಡು ಹೆಂಗೆ ಹೇಳ್ಲಿ? ಈಗ ನೀವು ಕಾಣ್ತಿಲ್ಲ, ಅದಕ್ಕೆ ಹೇಳ್ದೆ."

ಮುಖದಾಕ್ಷಿಣ್ಯ ಎಂಬ ಪದವನ್ನು ಬಾಲ್ಯದಿಂದ ಕೇಳುತ್ತಾ ಬಂದಿದ್ದೇನೆ. ದಾಕ್ಷಿಣ್ಯಕ್ಕೆ ಬಸಿರಾಗುವುದು ಎಂಬ ಒರಟು ಮಾತೂ ನಮ್ಮಲ್ಲಿದೆ. ನನ್ನ ಕೋಣೆಯಲ್ಲೇ ಅದು ಇಷ್ಟು ಬಲವಾಗಿ ಕೆಲಸ ಮಾಡುತ್ತಿತ್ತು ಎನ್ನುವುದು ಮಾತ್ರ ಆ ಮಳೆಯಲ್ಲಿ ತಿಳಿಯಿತು. ಓದಿದ ಮೇಡಂ ಎದುರು, ಅವರ ಸಂತೋಷ ಕೆಡಿಸಬಾರದು ಎಂದುಕೊಳ್ಳುವ ಹೆಣ್ಣುಮಗಳು. ಆಕೆ ತಲೆ ಆಡಿಸಿದ್ದನ್ನೆಲ್ಲ ನಾನು ಒಪ್ಪಿಗೆ ಎಂದು ಬರೆದುಕೊಂಡಿದ್ದೆ.

ಮತ್ತೆ ಮೊದಲಿನಿಂದ

ಆಗ ತೆಗೆದುಕೊಂಡ ನಿರ್ಧಾರಗಳಲ್ಲಿ ಮುಖ್ಯವಾದದ್ದು ಅವರಿಗೆ "ನಾಳೆಯಿಂದ ಮಾತ್ರೆ ನಿಲ್ಲಿಸಿ" ಎಂದು ಹೇಳದೇ ಇದ್ದದ್ದು. ರೂಢಿಯಾದ ಮೇಲೆ ಇದನ್ನು ಥಟ್ಟನೆ ಬಿಟ್ಟರೆ ಗಾಬರಿ ಇಮ್ಮಡಿಯಾಗಿ ತಿರುಗಿಬರಬಹುದು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಅವರ ಅನುಮತಿ ಕೇಳಿ, ಅದೇ ದಿನ ಮನೋವೈದ್ಯರಿಗೆ ಕರೆ ಮಾಡಿದೆ. ಅವರು ಮುಂದಿನ ಮಂಗಳವಾರ ನೋಡಿ, ವಾರಗಟ್ಟಲೆ ಹಂತಹಂತವಾಗಿ ಇಳಿಸುವ ಲೆಕ್ಕ ಬರೆದುಕೊಟ್ಟರು, ಸರ್ಟ್ರಾಲಿನ್ ಸ್ವಲ್ಪ ಏರಿಸಿದರು. ಬೈಯಲಿಲ್ಲ. ಅದಕ್ಕಾಗಿ ನಾನು ಅವರಿಗೆ ಋಣಿ.

ಮಾತ್ರೆ ನುಂಗಿ ಮಾಡಿದ ಬಸ್ ಪ್ರಯಾಣ ಪೂರ್ತಿ ವ್ಯರ್ಥವೇನಲ್ಲ, ಆದರೆ ಭಯ ತಾನಾಗಿ ಏರಿ ತಾನಾಗಿ ಇಳಿಯುತ್ತದೆ ಎಂಬ ಪಾಠ ಅದರಲ್ಲಿ ಸಿಗುವುದಿಲ್ಲ. ಹಾಗಾಗಿ ಮೆಟ್ಟಿಲನ್ನು ಕೆಳಗಿನಿಂದ ಮತ್ತೆ ಹತ್ತಿದೆವು. ಅಂಕ 9ರಿಂದ 15ಕ್ಕೆ ಏರಿತು. ಗಂಡ "ಎಲ್ಲಾ ನೀರಲ್ಲಿ ಹೋಮ" ಎಂದರು. ಆ ಮೂರು ವಾರ ನನಗೂ ಕಷ್ಟವಾಗಿತ್ತು.

ರಸ್ತೆ ತೆರೆದ ಮೇಲೆ, ಸೆಪ್ಟೆಂಬರಿನಲ್ಲಿ, ನಾನೇ ಅವರ ಜೊತೆ ಸಿಟಿ ಬಸ್ ಹತ್ತಿದೆ. ಏಲಕ್ಕಿ ಇಲ್ಲ, ಮಾತ್ರೆ ಇಲ್ಲ, ಬಾಗಿಲ ಪಕ್ಕದ ಸೀಟೂ ಇಲ್ಲ. ನಾಲ್ಕನೇ ಸ್ಟಾಪಿಗೆ ಅವರ ಮೇಲ್ದುಟಿಯಲ್ಲಿ ಬೆವರಿನ ಹನಿ ಮೂಡಿತು, ಕಂಬಿ ಹಿಡಿದ ಬೆರಳಿನ ಗೆಣ್ಣು ಬೆಳ್ಳಗಾದವು. ಇಳಿಯೋಣ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರು ಕಿಟಕಿಯಾಚೆ ಅಂಗಡಿಗಳ ಬೋರ್ಡ್ ಓದುತ್ತಾ ಹೋದರು. ಹನ್ನೊಂದನೇ ಸ್ಟಾಪಿನ ಹೊತ್ತಿಗೆ ಗೆಣ್ಣಿಗೆ ಬಣ್ಣ ಬಂತು. "ಇಳೀತು ಮೇಡಂ" ಎಂದರು. ಬಸ್ಸಿನಿಂದ ಇಳಿದ ಮಾತಲ್ಲ ಅದು.

ಕೋಣೆಯಲ್ಲಿಯೂ ಬದಲಾಯಿಸಿದೆ. ಕುರ್ಚಿಗಳನ್ನು ಎದುರುಬದುರು ಇಡುವುದು ಬಿಟ್ಟು ಓರೆಯಾಗಿ ಇಟ್ಟೆ, ಇಬ್ಬರಿಗೂ ಕಿಟಕಿ ಕಾಣುವಂತೆ. ತನ್ನನ್ನು ದಿನಕ್ಕೆ ಎಂಟು ಗಂಟೆ ಜನ ದಿಟ್ಟಿಸುವುದನ್ನು ಸಹಿಸಲಾರೆ ಎಂದು ಮನೋವಿಶ್ಲೇಷಣೆಯನ್ನು ಶುರುಮಾಡಿದ ಫ್ರಾಯ್ಡ್ 1913ರಲ್ಲೇ ಬರೆದಿದ್ದ, ಅದಕ್ಕೇ ಆತ ರೋಗಿಯನ್ನು ಮಲಗಿಸಿ ತಲೆಯ ಹಿಂದೆ ಕೂರುತ್ತಿದ್ದ. ದಿಟ್ಟಿಸುವ ಕಣ್ಣಿನ ಭಾರ ರೋಗಿಯ ಮೇಲೂ ಇರುತ್ತದೆ ಎಂದು ನಾನು ಈಗ ಸೇರಿಸುತ್ತೇನೆ. ಒಳಬರುವ ಮೊದಲು ಒಂದು ಸಣ್ಣ ಚೀಟಿ ಕೊಡುತ್ತೇನೆ: "ಇವತ್ತು ಹೇಳಲು ಕಷ್ಟವಾದದ್ದು ಏನಾದರೂ ಇದ್ದರೆ ಬರೆಯಿರಿ." ಓದು ಬರಹ ಬಾರದವರಿಗೆ ಹಿಂದಿನ ದಿನ ಸಂಜೆ ಐದು ನಿಮಿಷದ ಫೋನ್. ಬೇರೆ ವೈದ್ಯರು ಬರೆದ ಪ್ರತಿ ಮಾತ್ರೆಯ ಬಗ್ಗೆ ಪ್ರತಿ ಭೇಟಿಯಲ್ಲಿ ಕೇಳುತ್ತೇನೆ, ಮಾತ್ರೆಯ ಸ್ಟ್ರಿಪ್ ತಂದು ಎಣಿಸಿ ತೋರಿಸಿ ಎನ್ನುತ್ತೇನೆ. ಒಳ್ಳೆಯ ಸುದ್ದಿ ಕೇಳಿದಾಗ ನನಗೆ ಖುಷಿಯಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹಿಂದೆಯೇ "ಇದರಲ್ಲಿ ಕಷ್ಟವಾದದ್ದು ಏನು, ಯಾವುದರ ಸಹಾಯ ಬೇಕಾಯಿತು?" ಎಂದು ಕೇಳುತ್ತೇನೆ. ಆರನೇ ಭೇಟಿಯಲ್ಲಿ ಆ ಒಂದು ಪ್ರಶ್ನೆ ಕೇಳಿದ್ದರೆ ಮೂರು ತಿಂಗಳು ಉಳಿಯುತ್ತಿತ್ತೇನೋ.

ಶಾರದಾ ವಿಷಯದಲ್ಲಿ ಎದುರು ಕೂರುವುದನ್ನು ಬಿಡಲಿಲ್ಲ. ಎರಡು ಭೇಟಿಗೆ ಒಂದು ಫೋನ್ ಎಂದು ಮಾಡಿಕೊಂಡೆವು. ಉಸಿರು, ಬಸ್ಸು, ಮೈಯ ಕೆಲಸ ಕೋಣೆಯಲ್ಲಿ. ನಾಚಿಕೆಯ ಮಾತು, ನನ್ನ ಮೇಲಿನ ಬೇಸರ ಗೂಡ್ಸ್ ಆಟೋದಲ್ಲಿ. ಒಟ್ಟು 16 ಸಲ ಮಾತಾಡಿದೆವು, 11 ಎದುರು ಕೂತು, 5 ಫೋನಿನಲ್ಲಿ. ಹದಿನಾಲ್ಕನೆಯದರಲ್ಲಿ ಅಂಕ 6 ಇತ್ತು, ಅಷ್ಟರಲ್ಲಿ ಆಲ್‌ಪ್ರಜೋಲಾಂ ನಿಂತು ಐದು ವಾರವಾಗಿತ್ತು. ಬೀದಿಯವರ ಮಾತು ಇನ್ನೂ ನಿಂತಿಲ್ಲ. ಹೋದ ಇಬ್ಬರು ಗಿರಾಕಿಗಳಲ್ಲಿ ಒಬ್ಬರು ವಾಪಸ್ ಬಂದಿದ್ದಾರೆ. ಸರ್ಟ್ರಾಲಿನ್ ಮುಂದುವರಿದಿದೆ.

ಹದಿನಾರನೇ ಭೇಟಿಗೆ ಅವರು ಮುಕ್ಕಾಲು ಗಂಟೆ ತಡವಾಗಿ ಬಂದರು. ತಿರುವಿನಲ್ಲಿ ಬಸ್ ಕೆಟ್ಟು ನಿಂತಿತ್ತಂತೆ. ಎದೆ ಹೊಡೆದುಕೊಂಡಿತು, ಇಳಿದು ಓಡಬೇಕು ಅನ್ನಿಸಿತು, ಕೂತೇ ಇದ್ದೆ ಎಂದರು. ನೀರು ಕುಡಿದು, ಓರೆ ಕುರ್ಚಿಯನ್ನು ತಾವೇ ಸ್ವಲ್ಪ ತಿರುಗಿಸಿಕೊಂಡು ನನ್ನ ಎದುರಾದರು.

"ಮೇಡಂ, ಮುಂದಿನ ತಿಂಗಳು ಬರಲ್ಲ. ಹಬ್ಬದ ಬಟ್ಟೆ ತುಂಬಾ ಇದೆ. ಫೋನಲ್ಲೇ ಮಾತಾಡೋಣ. ಆಮೇಲೆ, ಆ ಅಂಕದ ಪ್ರಶ್ನೆ ಪ್ರತಿ ಸಲ ಕೇಳೋದು ನಂಗೆ ಇಷ್ಟ ಆಗಲ್ಲ, ಪರೀಕ್ಷೆ ಬರ್ದಂಗಾಗುತ್ತೆ."

ಅವರ ಕಣ್ಣು ನನ್ನ ಮುಖದ ಮೇಲೇ ಇತ್ತು. ಕೈ ಪರ್ಸಿನ ಹೊರಗಿತ್ತು. ಪ್ರಶ್ನೆಗಳ ಹಾಳೆಯನ್ನು ಫೈಲಿನೊಳಗೆ ಇಟ್ಟು, ಡೈರಿಯಲ್ಲಿ ಮುಂದಿನ ತಿಂಗಳ ತಾರೀಕಿನ ಎದುರು "ಫೋನ್" ಎಂದು ಬರೆದುಕೊಂಡೆ.